ಕುಂಬ್ಳೆ, ದ್ರಾವಿಡ್ ಮತ್ತು ನಮ್ಮ ಬೇಕರಿ ಬೆಂಚು

2023ರ ನವೆಂಬರ್ 20, ಸೋಮವಾರ. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ವಿಶ್ವಕಪ್ ಫೈನಲ್ ಸೋತಿದ್ದೆವು. ದೀಪಾವಳಿ ಮುಗಿದು ಒಂದು ವಾರವಾಗಿತ್ತು, ಊರಿಗೆ ಹೋದವರೆಲ್ಲ ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಒಬ್ಬೊಬ್ಬರಾಗಿ ವಾಪಸಾಗುತ್ತಿದ್ದ ದಿನಗಳು. ಖಾದರ್‌ಪೇಟೆಯಲ್ಲಿ ಅಂಗಡಿಗಳ ಮುಂದೆ ನೀಲಿ ಜೆರ್ಸಿಗಳು ರಾಶಿ ಬಿದ್ದಿದ್ದವು, ಮುಟ್ಟಿ ನೋಡುವವರೂ ಇರಲಿಲ್ಲ. ಬೇಕರಿಯ ಮುಂದಿನ ಬೆಂಚಿನಲ್ಲಿ ಟೀ ಲೋಟ ಹಿಡಿದು ಕೂತಿದ್ದ ಪರಿಚಯದವರೊಬ್ಬರು ನಮ್ಮನ್ನು ಕಂಡಿದ್ದೇ ತಡ ಕೇಳಿದರು: "ಸಾರ್, ನಿಮ್ಮ ದ್ರಾವಿಡ್ ಇನ್ನು ಮನೆಗೆ ಹೋಗ್ತಾರಾ?"

ನಿಮ್ಮ ದ್ರಾವಿಡ್! ಸತತ ಹತ್ತು ಪಂದ್ಯ ಗೆದ್ದಾಗ "ನಮ್ಮ ಟೀಮ್", ಹನ್ನೊಂದನೆಯದು ಸೋತಾಗ "ನಿಮ್ಮ ದ್ರಾವಿಡ್". ಗಡಿಯಾಚೆಯ ಕನ್ನಡಿಗರಾದ ನಮಗೆ ಇದೇನೂ ಹೊಸದಲ್ಲ ಬಿಡಿ.

ಓದುಗರಿಗೆ ಇಲ್ಲಿನ ಸ್ಥಿತಿ ಸ್ವಲ್ಪ ಹೇಳಬೇಕು. ದಿಂಬಂ ಘಟ್ಟದ ಮೇಲೆ ತಾಳವಾಡಿ ಕಡೆ ಕನ್ನಡ ಮಾಧ್ಯಮದ ಶಾಲೆಗಳಿವೆ. ಇಪ್ಪತ್ತೇಳು ತಿರುವುಗಳನ್ನು ಇಳಿದು ಸತ್ಯಮಂಗಲ ದಾಟಿ ಕೊಯಮತ್ತೂರು, ತಿರುಪ್ಪೂರಿಗೆ ಬಂದರೆ ಕನ್ನಡ ಪುಸ್ತಕದಿಂದ ಇಳಿದು ಅಡುಗೆಮನೆಗೆ ಹೋಗುತ್ತದೆ. ದೇವಾಂಗರ ಮನೆಗಳಲ್ಲಿ, ಒಕ್ಕಲಿಗರ ಮನೆಗಳಲ್ಲಿ ಮಾತು ಕನ್ನಡ, ಬರವಣಿಗೆ ತಮಿಳು. ಮಗ್ಗದ ಮುಂದೆ ಕನ್ನಡ, ಬೀದಿಯಲ್ಲಿ ತಮಿಳು. ಇಂಥ ಮನೆಗಳಲ್ಲಿ ಕುಂಬ್ಳೆ ಮತ್ತು ದ್ರಾವಿಡ್ ಎಂಬ ಎರಡು ಹೆಸರುಗಳಿಗೆ ಒಂದು ವಿಶೇಷ ಸ್ಥಾನವಿದೆ. ಇಬ್ಬರೂ ಆಡುವುದನ್ನು ನಿಲ್ಲಿಸಿದ ಮೇಲೆ ಭಾರತ ತಂಡದ ಕೋಚ್ ಆದವರು. ಇಬ್ಬರ ವಿಷಯದಲ್ಲೂ "ಇವರನ್ನು ಮುಂದುವರಿಸಬೇಕೋ ಬೇಡವೋ" ಎಂಬ ದೊಡ್ಡ ಚರ್ಚೆ ನಡೆಯಿತು. ಒಬ್ಬರು ಗೆದ್ದೂ ಹೊರನಡೆದರು. ಇನ್ನೊಬ್ಬರು ಸೋತೂ ಉಳಿದರು. ಇದು ಹೇಗಾಯಿತು ಎಂಬುದನ್ನು ಒಮ್ಮೆ ವರ್ಷವಾರು ಬರೆದಿಡಬೇಕು ಅನ್ನಿಸಿತು. ಏಕೆಂದರೆ ಬೆಂಚಿನ ಮೇಲೆ ಇದನ್ನು ಪ್ರತಿಸಲ ತಪ್ಪಾಗಿ ಹೇಳಲಾಗುತ್ತದೆ, ನಾವೂ ತಪ್ಪಾಗಿ ಹೇಳಿದ್ದೇವೆ.

ಮೊದಲಿಗೆ, ಈ ಕೋಚ್ ಎಂಬ ಹುದ್ದೆ ನಮ್ಮ ಕ್ರಿಕೆಟ್ಟಿಗೆ ಹಳೆಯದಲ್ಲ. 1983ರ ವಿಶ್ವಕಪ್ ಗೆದ್ದ ಕಪಿಲ್ ದೇವ್ ತಂಡದ ಜೊತೆ ಹೋಗಿದ್ದು ಮ್ಯಾನೇಜರ್ ಆಗಿ ಹೈದರಾಬಾದಿನ ಮಾನ್ ಸಿಂಗ್ ಅವರು, ಕೋಚ್ ಎಂಬವರು ಯಾರೂ ಇರಲಿಲ್ಲ. ಟಿಕೆಟ್ಟು, ಊಟ, ಹೋಟೆಲು ನೋಡಿಕೊಳ್ಳುವುದು ಮ್ಯಾನೇಜರ ಕೆಲಸ. ಆಟ ನಾಯಕನದು. 90ರ ದಶಕದಲ್ಲಿ ಅಜಿತ್ ವಾಡೇಕರ್, ಮದನ್ ಲಾಲ್, ಅಂಶುಮಾನ್ ಗಾಯಕ್ವಾಡ್, ಕಪಿಲ್ ಹೀಗೆ ಒಬ್ಬೊಬ್ಬರೇ ಬಂದು ಹೋದರು. 2000ದಲ್ಲಿ ನ್ಯೂಜಿಲೆಂಡಿನ ಜಾನ್ ರೈಟ್ ಬಂದರು, ಮೊದಲ ವಿದೇಶಿ ಕೋಚ್. ಅಂದಹಾಗೆ, ಅದೇ 2000ದಲ್ಲಿ ದ್ರಾವಿಡ್ ಇಂಗ್ಲೆಂಡಿನ ಕೆಂಟ್ ಕೌಂಟಿಗೆ ಆಡುವಾಗ ಅಲ್ಲಿ ಕೋಚ್ ಆಗಿದ್ದವರು ಇದೇ ರೈಟ್.

ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟವಿದೆಯಲ್ಲ, ಅಲ್ಲಿ ಮ್ಯಾನೇಜರನೇ ಸರ್ವಾಧಿಕಾರಿ. ಯಾರು ಮೊದಲು ಬ್ಯಾಟ್ ಹಿಡಿಯಬೇಕು, ಚೆಂಡೆಸೆಯುವವನನ್ನು ಯಾವಾಗ ಬದಲಿಸಬೇಕು ಎಲ್ಲವನ್ನೂ ಅವನೇ ನಿರ್ಧರಿಸುತ್ತಾನೆ. ಆಟಗಾರರ ಹಾಗೆ ತಂಡದ ಸಮವಸ್ತ್ರವನ್ನೂ ತೊಟ್ಟು ಕೂತಿರುತ್ತಾನೆ (ನಮ್ಮ ಮುಖ್ಯೋಪಾಧ್ಯಾಯರು ಯೂನಿಫಾರಂ ಹಾಕಿಕೊಂಡು ಬಂದರೆ ಹೇಗಿರುತ್ತದೆ ಯೋಚಿಸಿ!). ಹಾಗಾಗಿ ಅಲ್ಲಿನ ಅಭಿಮಾನಿಗಳು "ಇವನ ಗುತ್ತಿಗೆ ಮುಂದುವರಿಸಬೇಡಿ" ಎಂದು ಕೂಗಿದರೆ ಅದಕ್ಕೊಂದು ಅರ್ಥವಿದೆ. ಬದಲಿಸಿದ್ದು ಇವನೇ, ಸೋಲಿಗೆ ಕಾರಣ ಇವನೇ ಎಂದು ಬೆರಳು ತೋರಿಸಬಹುದು. ಕ್ರಿಕೆಟ್ಟಿನಲ್ಲಿ ಹಾಗಲ್ಲ. ಬೌಲಿಂಗ್ ಬದಲಾವಣೆ, ಫೀಲ್ಡರುಗಳ ಜಾಗ ಎಲ್ಲವೂ ಮೈದಾನದೊಳಗಿನ ನಾಯಕನ ಕೈಯಲ್ಲಿ. ಕೋಚ್ ಬಾಲ್ಕನಿಯಲ್ಲಿ ಕೂತು ನೋಡುತ್ತಿರುತ್ತಾರೆ. ಹನ್ನೊಂದು ಜನರನ್ನು ಆರಿಸುವಾಗ ಅವರ ಮಾತು ಎಷ್ಟು, ನಾಯಕನ ಮಾತು ಎಷ್ಟು ಎಂಬುದು ಹೊರಗಿನವರಿಗೆ ಕಾಣುವುದೇ ಇಲ್ಲ. ಕಾಣದ ಕೆಲಸಕ್ಕೆ ನಾವು ಅಂಕ ಹಾಕುತ್ತಾ ಕೂತಿರುತ್ತೇವೆ.

ಕುಂಬ್ಳೆಯವರ ಕಥೆಗೆ ಬರೋಣ. 2016ರ ಜೂನ್ 23ರಂದು ಅವರನ್ನು ಮುಖ್ಯ ಕೋಚ್ ಎಂದು ಮಂಡಳಿ ಘೋಷಿಸಿತು. ಅರ್ಜಿ ಹಾಕಿದವರು 57 ಜನ. ಆರಿಸಿದ್ದು ಸಚಿನ್, ಗಂಗೂಲಿ, ಲಕ್ಷ್ಮಣ್ ಮೂವರ ಸಲಹಾ ಸಮಿತಿ. ಅವಧಿ ಒಂದೇ ವರ್ಷ. ಆ ಒಂದು ವರ್ಷದ ಲೆಕ್ಕ ಇಲ್ಲಿದೆ ನೋಡಿ: ವೆಸ್ಟ್ ಇಂಡೀಸಿನಲ್ಲಿ 2-0, ನ್ಯೂಜಿಲೆಂಡ್ ವಿರುದ್ಧ 3-0, ಇಂಗ್ಲೆಂಡ್ ವಿರುದ್ಧ 4-0, ಬಾಂಗ್ಲಾ ವಿರುದ್ಧ 1-0, ಆಸ್ಟ್ರೇಲಿಯಾ ವಿರುದ್ಧ 2-1. ಒಟ್ಟು 17 ಟೆಸ್ಟುಗಳಲ್ಲಿ 12 ಗೆಲುವು, 4 ಡ್ರಾ, ಒಂದೇ ಒಂದು ಸೋಲು, ಅದು ಪುಣೆಯಲ್ಲಿ. 2016ರ ಡಿಸೆಂಬರಿನಲ್ಲಿ ಚೆನ್ನೈನ ಚೆಪಾಕಿನಲ್ಲಿ ಇಂಗ್ಲೆಂಡ್ ವಿರುದ್ಧ ಕರುಣ್ ನಾಯರ್ 303 ಹೊಡೆದು ಔಟಾಗದೆ ಉಳಿದದ್ದು, ಕೆ.ಎಲ್. ರಾಹುಲ್ 199ಕ್ಕೆ ಔಟಾದದ್ದು ಇದೇ ಅವಧಿಯಲ್ಲಿ. ಕರ್ನಾಟಕದ ಇಬ್ಬರು ಹುಡುಗರು ತಮಿಳುನಾಡಿನ ಮೈದಾನದಲ್ಲಿ ಆಡುವಾಗ ಬಾಲ್ಕನಿಯಲ್ಲಿ ಕುಂಬ್ಳೆ. ಅಂದು ನಾವು ಬೆಂಚಿನಲ್ಲಿ ಎದೆ ಉಬ್ಬಿಸಿ ಕೂತಿದ್ದು ನಿಜ. (2015ರ ಮಾರ್ಚಿನಲ್ಲಿ ರಣಜಿ ಫೈನಲಿನಲ್ಲಿ ಇದೇ ಕರುಣ್ ತಮಿಳುನಾಡಿನ ಮೇಲೆ 328 ಹೊಡೆದಿದ್ದರು. ಆಗಿನ ಕಥೆ ಬೇಡ, ಬೇಕರಿಯವರಿಗೆ ಇನ್ನೂ ಕೋಪವಿದೆ.)

ಇಂಥ ದಾಖಲೆ ಇರುವವರನ್ನು ಮುಂದುವರಿಸುವುದರಲ್ಲಿ ಚರ್ಚೆ ಮಾಡುವುದು ಏನಿದೆ ಅನ್ನುತ್ತೀರಾ? 2017ರ ಮೇ 25ರಂದು, ಚಾಂಪಿಯನ್ಸ್ ಟ್ರೋಫಿ ಶುರುವಾಗಲು ಒಂದು ವಾರವಿದ್ದಾಗ, ಮಂಡಳಿ ಕೋಚ್ ಹುದ್ದೆಗೆ ಅರ್ಜಿ ಕರೆಯಿತು. ಇರುವ ಕೋಚ್ ನೇರವಾಗಿ ಅಭ್ಯರ್ಥಿ ಎಂದೂ ಸೇರಿಸಿತ್ತು, ಅದು ಬೇರೆ ಮಾತು. ಪರೀಕ್ಷೆಗೆ ಮಕ್ಕಳನ್ನು ಕರೆದುಕೊಂಡು ಹೊರಟ ಮೇಷ್ಟ್ರಿಗೆ "ನಿಮ್ಮ ಜಾಗಕ್ಕೆ ಬೇರೆಯವರನ್ನು ಹುಡುಕುತ್ತಿದ್ದೇವೆ, ನೀವೂ ಬೇಕಾದರೆ ಬನ್ನಿ" ಎಂದು ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ ಹಾಗೆ! ವರ್ಷ ವರ್ಷ ಗುತ್ತಿಗೆಯ ಮೇಲೆ ಪಾಠ ಮಾಡುವ ನಮ್ಮ ತಾತ್ಕಾಲಿಕ ಶಿಕ್ಷಕ ಮಿತ್ರರಿಗೆ ಇದರ ರುಚಿ ಚೆನ್ನಾಗಿ ಗೊತ್ತು. ಆಗ ಸುಪ್ರೀಂ ಕೋರ್ಟ್ ನೇಮಿಸಿದ್ದ ಆಡಳಿತ ಸಮಿತಿಯಲ್ಲಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರು ಜೂನ್ ಮೊದಲಲ್ಲಿ ರಾಜೀನಾಮೆ ಕೊಟ್ಟಾಗ, ಕುಂಬ್ಳೆಯವರನ್ನು ನಡೆಸಿಕೊಂಡ ರೀತಿಯನ್ನೂ ತಮ್ಮ ಪತ್ರದಲ್ಲಿ ಆಕ್ಷೇಪಿಸಿದರು.

ಜೂನ್ 18ರಂದು ಓವಲ್ ಮೈದಾನದಲ್ಲಿ ಫೈನಲ್. ಪಾಕಿಸ್ತಾನಕ್ಕೆ 180 ರನ್‌ಗಳ ಗೆಲುವು. ಎರಡೇ ದಿನಕ್ಕೆ, ಜೂನ್ 20ರಂದು, ಕುಂಬ್ಳೆ ರಾಜೀನಾಮೆ ಕೊಟ್ಟರು. ತಂಡ ವೆಸ್ಟ್ ಇಂಡೀಸಿಗೆ ಅವರಿಲ್ಲದೆ ಹೊರಟಿತು.

ಬೆಂಚಿನ ಮೇಲೆ ಇಂದಿಗೂ ಹೇಳುವುದು: "ಪಾಕಿಸ್ತಾನದ ಹತ್ತಿರ ಸೋತರು, ಕೆಲಸ ಹೋಯಿತು." ಇದು ತಪ್ಪು. ಕುಂಬ್ಳೆ ತಮ್ಮ ಹೇಳಿಕೆಯಲ್ಲಿ ಕಾರಣವನ್ನು ಸ್ಪಷ್ಟವಾಗಿ ಬರೆದಿದ್ದರು. ಸಲಹಾ ಸಮಿತಿ ತಮ್ಮನ್ನು ಮುಂದುವರಿಯಲು ಕೇಳಿತ್ತು, ಆದರೆ ತಮ್ಮ ಕಾರ್ಯಶೈಲಿಯ ಬಗ್ಗೆಯೂ ತಾವು ಮುಂದುವರಿಯುವ ಬಗ್ಗೆಯೂ ನಾಯಕನಿಗೆ ಆಕ್ಷೇಪವಿದೆ ಎಂದು ಮಂಡಳಿಯವರು ಹಿಂದಿನ ದಿನ ಮೊದಲ ಬಾರಿಗೆ ತಿಳಿಸಿದರು, ಈ ಜೊತೆ ಇನ್ನು ನಡೆಯುವುದಿಲ್ಲ ಎಂದು ತೋರಿದ್ದರಿಂದ ಬಿಡುತ್ತಿದ್ದೇನೆ ಎಂಬುದು ಅದರ ಸಾರ. ಕೋಚ್ ಆದವನು ತಂಡಕ್ಕೆ ಕನ್ನಡಿ ಹಿಡಿಯಬೇಕು ಎಂಬ ಮಾತೂ ಅದರಲ್ಲಿತ್ತು. ಅಂದರೆ 12 ಗೆಲುವು ಒಂದು ಕಡೆ, ಮೂವರು ದಿಗ್ಗಜರ ಶಿಫಾರಸು ಇನ್ನೊಂದು ಕಡೆ; ಇವೆರಡಕ್ಕಿಂತ ನಾಯಕ ವಿರಾಟ್ ಕೊಹ್ಲಿಯವರ ಅಭಿಪ್ರಾಯ ಹೆಚ್ಚು ತೂಗಿತು.

ಆ ದಿನಗಳಲ್ಲಿ ನಾವು ಕೊಹ್ಲಿಯವರನ್ನು ಬೈದದ್ದಕ್ಕೆ ಲೆಕ್ಕವಿಲ್ಲ. 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಬೌಲ್ ಮಾಡಿದ ಮನುಷ್ಯನಿಗೆ ಶಿಸ್ತು ಜಾಸ್ತಿಯಾಯಿತು ಅನ್ನುವವರು ಯಾರು ಎಂದು ಕೂಗಾಡಿದ್ದೆವು. ಈಗ ತಣ್ಣಗೆ ಯೋಚಿಸಿದರೆ ಬೇರೆ ಅನ್ನಿಸುತ್ತದೆ. ನಾಯಕನಿಗೂ ಕೋಚಿಗೂ ಮಾತುಕತೆಯೇ ಸರಿಯಿಲ್ಲ ಎಂದಾದರೆ ಇಬ್ಬರಲ್ಲಿ ಒಬ್ಬರು ಹೋಗಲೇಬೇಕಾಗುತ್ತದೆ, ಮೂವತ್ತು ವರ್ಷದ ಆಟಗಾರರು ಐದನೇ ತರಗತಿಯ ಮಕ್ಕಳಲ್ಲ. ನಮ್ಮ ತಕರಾರು ತೀರ್ಮಾನದ ಮೇಲಲ್ಲ, ಅದನ್ನು ಮಾಡಿದ ರೀತಿಯ ಮೇಲೆ. ವರ್ಷವಿಡೀ ಸುಮ್ಮನಿದ್ದು, ಕೊನೆಯ ದಿನ ಕರೆದು "ನಿಮ್ಮ ಮೇಲೆ ದೂರಿದೆ" ಅನ್ನುವುದು ಯಾವ ನ್ಯಾಯ? ದೂರು ಏನೆಂದು ಮಂಡಳಿ ಜನರಿಗೂ ಬಿಡಿಸಿ ಹೇಳಲಿಲ್ಲ.

ಇದು ಒಂದೇ ಸಲ ಆದದ್ದಲ್ಲ. ಕುಂಬ್ಳೆ ನಂತರ ಬಂದವರು ರವಿ ಶಾಸ್ತ್ರಿ. 2019ರ ವಿಶ್ವಕಪ್ ಸೆಮಿಫೈನಲಿನಲ್ಲಿ ನ್ಯೂಜಿಲೆಂಡಿಗೆ ಸೋತ ಮೇಲೆ ಅವರ ಅವಧಿಯೂ ಮುಗಿಯುವುದರಲ್ಲಿತ್ತು. ವೆಸ್ಟ್ ಇಂಡೀಸಿಗೆ ಹೊರಡುವ ಮೊದಲು ಕೊಹ್ಲಿ ಪತ್ರಕರ್ತರ ಮುಂದೆಯೇ, ಶಾಸ್ತ್ರಿಯವರು ಮುಂದುವರಿದರೆ ನಮಗೆ ಸಂತೋಷ ಎಂದರು. ಆಗಸ್ಟಿನಲ್ಲಿ ಕಪಿಲ್, ಅಂಶುಮಾನ್ ಗಾಯಕ್ವಾಡ್ ಮತ್ತು ನಮ್ಮ ಬೆಂಗಳೂರಿನ ಶಾಂತಾ ರಂಗಸ್ವಾಮಿ ಇದ್ದ ಸಮಿತಿ ಶಾಸ್ತ್ರಿಯವರನ್ನೇ ಮತ್ತೆ ಆರಿಸಿತು. ಸಮಿತಿ ನಾಯಕನ ಮಾತು ಕೇಳಿಯೇ ಆರಿಸಿತು ಅನ್ನಲು ನಮ್ಮ ಹತ್ತಿರ ಸಾಕ್ಷಿಯಿಲ್ಲ. 2018-19ರಲ್ಲಿ ಆಸ್ಟ್ರೇಲಿಯಾದಲ್ಲೇ ಟೆಸ್ಟ್ ಸರಣಿ ಗೆದ್ದ ಸಾಧನೆಯೂ ಅವರ ಬೆನ್ನಿಗಿತ್ತು. ಆದರೆ ಎರಡು ಸಲವೂ ನಾಯಕ ಬಯಸಿದ್ದೇ ಆಯಿತು ಎಂಬುದು ಕಣ್ಣಿಗೆ ಕಾಣುವ ಸಂಗತಿ.

ಇನ್ನು ದ್ರಾವಿಡ್. ಇವರ ವಿಷಯವನ್ನು 2021ರ ನವೆಂಬರಿನಿಂದ ಶುರು ಮಾಡಿದರೆ ಅರ್ಧ ಕಥೆ ಬಿಟ್ಟುಹೋಗುತ್ತದೆ. 2015ರಿಂದ ಅವರು ಭಾರತ 'ಎ' ಮತ್ತು 19 ವರ್ಷದೊಳಗಿನವರ ತಂಡಗಳಿಗೆ ಪಾಠ ಹೇಳುತ್ತಿದ್ದರು. 2016ರಲ್ಲಿ ಕಿರಿಯರ ವಿಶ್ವಕಪ್ ಫೈನಲಿನಲ್ಲಿ ಸೋಲು, 2018ರ ಫೆಬ್ರವರಿಯಲ್ಲಿ ಗೆಲುವು. ಗೆದ್ದ ಮೇಲೆ ಮಂಡಳಿ ದ್ರಾವಿಡರಿಗೆ 50 ಲಕ್ಷ, ಉಳಿದ ಸಿಬ್ಬಂದಿಗೆ ತಲಾ 20 ಲಕ್ಷ ಬಹುಮಾನ ಎಂದಿತು. ಇವರು ಅದನ್ನು ಒಪ್ಪಲಿಲ್ಲ, ಎಲ್ಲರಿಗೂ ಸಮನಾಗಿ ಕೊಡಿ ಎಂದರು. ಕೊನೆಗೆ ಎಲ್ಲರಿಗೂ 25 ಲಕ್ಷವಾಯಿತು. ಅಂದರೆ ತಮ್ಮ ಪಾಲಿನ ಅರ್ಧವನ್ನು ತಾವೇ ಬಿಟ್ಟುಕೊಟ್ಟರು. ಆ ತಂಡದಲ್ಲಿದ್ದ ಶುಭಮನ್ ಗಿಲ್ 2025ರಲ್ಲಿ ಭಾರತದ ಟೆಸ್ಟ್ ನಾಯಕನಾದ. ಒಂದನೇ ತರಗತಿಗೆ ಅಕ್ಷರ ಕಲಿಸಿದವರ ಹೆಸರು ಹತ್ತನೇ ತರಗತಿಯ ಫಲಿತಾಂಶದ ದಿನ ಯಾರ ಬಾಯಲ್ಲೂ ಬರುವುದಿಲ್ಲ, ಇದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

2021ರ ನವೆಂಬರ್ 3ರಂದು ದ್ರಾವಿಡರನ್ನು ಹಿರಿಯರ ತಂಡದ ಕೋಚ್ ಎಂದು ಘೋಷಿಸಿದರು. ಅದೇ ತಿಂಗಳ 22ರಂದು ಮುಷ್ತಾಕ್ ಅಲಿ ಟ್ರೋಫಿ ಫೈನಲಿನ ಕೊನೆಯ ಚೆಂಡಿಗೆ ಶಾರುಖ್ ಖಾನ್ ಸಿಕ್ಸರ್ ಹೊಡೆದು ತಮಿಳುನಾಡನ್ನು ಗೆಲ್ಲಿಸಿದರು, ಸೋತದ್ದು ಕರ್ನಾಟಕ. ಶಾರುಖ್ ಆಮೇಲೆ ನಮ್ಮ ಕೊಯಮತ್ತೂರಿನ ಕೋವೈ ಕಿಂಗ್ಸ್ ತಂಡದ ನಾಯಕರಾದವರು. ಹಾಗಾಗಿ ದ್ರಾವಿಡ್ ಹುದ್ದೆಗೆ ಬಂದ ತಿಂಗಳು ಬೆಂಚಿನಲ್ಲಿ ನಮಗೆ ಬಾಯಿ ತೆರೆಯುವ ಅವಕಾಶವೇ ಇರಲಿಲ್ಲ!

ಮುಂದಿನ ಎರಡು ವರ್ಷ ಅವರಿಗೆ ಸುಲಭವಾಗಿರಲಿಲ್ಲ. 2022ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಟೆಸ್ಟ್ ಸರಣಿ 1-2ರಿಂದ ಹೋಯಿತು. ಜುಲೈನಲ್ಲಿ ಎಜ್‌ಬಾಸ್ಟನ್ನಿನಲ್ಲಿ ಇಂಗ್ಲೆಂಡ್ 378 ರನ್ ಬೆನ್ನಟ್ಟಿ ಗೆದ್ದಿತು. ನವೆಂಬರಿನಲ್ಲಿ ಟಿ20 ವಿಶ್ವಕಪ್ ಸೆಮಿಫೈನಲ್, ಅದೇ ಇಂಗ್ಲೆಂಡಿಗೆ ಹತ್ತು ವಿಕೆಟ್ ಗೆಲುವು. ಆಮೇಲೆ ಬಂದದ್ದು 2023ರ ಜೂನ್, ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್. ನಮ್ಮ ಜಿಲ್ಲೆಗಳಲ್ಲಿ ದ್ರಾವಿಡರ ಮೇಲಿನ ಕೋಪಕ್ಕೆ ನಿಜವಾದ ಕಾರಣ ಈ ಪಂದ್ಯ.

ಆಗ ಟೆಸ್ಟ್ ರ‍್ಯಾಂಕಿಂಗಿನಲ್ಲಿ ಜಗತ್ತಿನ ಮೊದಲನೆಯ ಬೌಲರ್ ಆರ್. ಅಶ್ವಿನ್. ಅವರನ್ನೇ ಹೊರಗೆ ಕೂರಿಸಿದರು! ಮೋಡ ಕವಿದಿದೆ, ನಾಲ್ವರು ವೇಗಿಗಳು ಬೇಕು ಎಂಬುದು ಕಾರಣ. ಟಾಸ್ ಗೆದ್ದು ಆಸ್ಟ್ರೇಲಿಯಾಕ್ಕೆ ಬ್ಯಾಟು ಕೊಟ್ಟರು. ಟ್ರಾವಿಸ್ ಹೆಡ್ 163, ಸ್ಮಿತ್ 121, ಒಟ್ಟು 469. ಕೊನೆಗೆ 209 ರನ್‌ಗಳ ಸೋಲು. ಮರುದಿನ ಗಾಂಧಿಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ನಮ್ಮನ್ನು ಬಲ್ಲ ಕಂಡಕ್ಟರೊಬ್ಬರು ಟಿಕೆಟ್ ಕೊಡುವ ಮೊದಲು ಕೇಳಿದ್ದು ಅಶ್ವಿನ್ ವಿಷಯವನ್ನೇ. ಕನ್ನಡದ ಕೋಚ್ ತಮಿಳು ಹುಡುಗನನ್ನು ಬೇಕೆಂದೇ ಬಿಟ್ಟ ಎಂಬ ಮಾತು ಕೂಡ ಒಂದೆರಡು ಕಡೆ ಕಿವಿಗೆ ಬಿತ್ತು. ಕಾವೇರಿ ನೀರಿನ ಗಲಾಟೆಯ ದಿನಗಳನ್ನು ಕಂಡ ನಮಗೆ ಇಂಥ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬ ಭಯವಿದೆ. ಅಂದು ಮಾತ್ರ ಬೆಂಚಿನಲ್ಲಿ ಗಟ್ಟಿಯಾಗಿ ಹೇಳಿದ್ದೆವು: ಅಶ್ವಿನ್ ಅವರನ್ನು ಬಿಟ್ಟದ್ದು ತಪ್ಪೇ, ನಮಗೂ ಹೊಟ್ಟೆ ಉರಿದಿದೆ, ಆದರೆ ಅದು ಹವಾಮಾನ ನೋಡಿ ಮಾಡಿದ ತಪ್ಪು, ಭಾಷೆ ನೋಡಿ ಮಾಡಿದ್ದಲ್ಲ. ಅಲ್ಲದೆ ಅದು ನಾಯಕ ರೋಹಿತ್ ಶರ್ಮಾ ಅವರದ್ದೂ ತೀರ್ಮಾನ. ಇದೇ ಅಶ್ವಿನ್ 2024ರ ಫೆಬ್ರವರಿಯಲ್ಲಿ 500ನೇ ವಿಕೆಟ್ ತೆಗೆದದ್ದು, ಮಾರ್ಚಿನಲ್ಲಿ ಧರ್ಮಶಾಲಾದಲ್ಲಿ ನೂರನೇ ಟೆಸ್ಟ್ ಆಡಿದ್ದು ದ್ರಾವಿಡ್ ಕೋಚ್ ಆಗಿದ್ದಾಗಲೇ.

ಹೀಗೆ 2023ರ ನವೆಂಬರ್ 19ಕ್ಕೆ ಬಂದೆವು. ಭಾರತ 240, ಆಸ್ಟ್ರೇಲಿಯಾ 43 ಓವರಿನಲ್ಲಿ 241. ಮತ್ತೆ ಅದೇ ಹೆಡ್, 137. ನಮ್ಮ ರಾಹುಲ್ 107 ಚೆಂಡಿಗೆ 66, ಬೌಂಡರಿ ಒಂದೇ ಒಂದು. ಆ ದಿನ ಬೈಗುಳದ ಪಟ್ಟಿಯಲ್ಲಿ ಇಬ್ಬರು ಕನ್ನಡಿಗರು. ಎರಡು ವರ್ಷದ ಗುತ್ತಿಗೆ ಈ ವಿಶ್ವಕಪ್ಪಿಗೆ ಮುಗಿಯಿತು.

ಬೆಂಚಿನ ಚರ್ಚೆ ಹತ್ತು ದಿನ ನಡೆಯಿತು. "ಎರಡು ವರ್ಷ, ಒಂದೂ ಕಪ್ಪಿಲ್ಲ, ಸಾಕು" ಎಂಬುದು ಒಂದು ಪಕ್ಷ. "ಹತ್ತು ಗೆದ್ದು ಒಂದು ಸೋತವರನ್ನು ಕಳಿಸುತ್ತೀರಾ?" ಎಂಬುದು ಇನ್ನೊಂದು. ಮಗ್ಗದ ಮನೆಯ ಹಿರಿಯರೊಬ್ಬರು ಇಬ್ಬರ ಮಾತನ್ನೂ ಕೇಳಿ ಕೊನೆಗೆ ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು: "ಹಾಸು ಹಾಕ್ದೋನು ಒಬ್ಬ, ಹೊಕ್ಕು ಹೊಡ್ದೋನು ಒಬ್ಬ. ಸೀರೆ ಕೆಟ್ರೆ ಕೂಲಿ ಯಾರ್ದು ಹಿಡೀಬೇಕು ಮೇಷ್ಟ್ರೇ?" ನಮ್ಮ ಹತ್ತಿರ ಉತ್ತರವಿರಲಿಲ್ಲ.

ನವೆಂಬರ್ 29ರಂದು ಮಂಡಳಿ, ದ್ರಾವಿಡ್ ಮತ್ತು ಸಿಬ್ಬಂದಿಯ ಗುತ್ತಿಗೆಯನ್ನು ವಿಸ್ತರಿಸಿದೆವು ಎಂದು ಪ್ರಕಟಿಸಿತು. ಎಷ್ಟು ದಿನಕ್ಕೆ ಎಂದು ಅದರಲ್ಲಿ ಇರಲಿಲ್ಲ. ಯಾಕೆ ಎಂಬುದಕ್ಕೂ ಹೊಗಳಿಕೆಯ ನಾಲ್ಕು ಸಾಲು ಬಿಟ್ಟರೆ ವಿವರವಿರಲಿಲ್ಲ. ಕುಂಬ್ಳೆ ಹೋದಾಗಿನಂತೆಯೇ! ನಾವು ಖುಷಿಪಟ್ಟೆವು, ಪ್ರಶ್ನೆ ಕೇಳಲಿಲ್ಲ. ನಮ್ಮವರಿಗೆ ಅನುಕೂಲವಾದಾಗ ಕಾರಣ ಕೇಳುವ ಅಭ್ಯಾಸ ನಮಗೆ ತಪ್ಪಿಹೋಗುತ್ತದೆ, ಇದನ್ನು ಒಪ್ಪಿಕೊಳ್ಳಬೇಕು.

2024ರ ಜೂನ್ 29, ಬಾರ್ಬಡೋಸಿನ ಬ್ರಿಡ್ಜ್‌ಟೌನ್. ಟಿ20 ವಿಶ್ವಕಪ್ ಫೈನಲ್. ಭಾರತ 176. ದಕ್ಷಿಣ ಆಫ್ರಿಕಾದ ಕ್ಲಾಸನ್ ಒಂದೇ ಓವರಿನಲ್ಲಿ ಅಕ್ಷರ್ ಪಟೇಲರನ್ನು ಚಚ್ಚಿಹಾಕಿದ ಮೇಲೆ ಅವರಿಗೆ ಬೇಕಿದ್ದುದು 30 ಚೆಂಡಿಗೆ 30 ರನ್, ಕೈಯಲ್ಲಿ ಆರು ವಿಕೆಟ್. ಬೇಕರಿಯ ಟಿವಿ ಮುಂದೆ ಅರ್ಧ ಜನ ಎದ್ದು ಹೋದರು. ಆಮೇಲೆ ಬುಮ್ರಾ, ಅರ್ಶದೀಪ್, ಹಾರ್ದಿಕ್. ಕೊನೆಯ ಓವರಿಗೆ 16 ಬೇಕು. ಮೊದಲ ಚೆಂಡನ್ನೇ ಮಿಲ್ಲರ್ ಎತ್ತಿ ಹೊಡೆದರು. ಸೂರ್ಯಕುಮಾರ್ ಗಡಿಗೆರೆಯ ಪಕ್ಕದಲ್ಲಿ ಹಿಡಿದು, ಕಾಲು ಹೊರಗೆ ಹೋಗುತ್ತದೆ ಅನ್ನುವಾಗ ಚೆಂಡನ್ನು ಒಳಗೆ ಎಸೆದು, ಹೊರಗೆ ಹೋಗಿ ಮತ್ತೆ ಒಳಗೆ ಬಂದು ಹಿಡಿದರು. ಏಳು ರನ್‌ಗಳ ಗೆಲುವು. ಎದ್ದು ಹೋದವರು ಓಡೋಡಿ ಬಂದರು. ಕಪ್ಪು ಕೈಗೆ ಬಂದಾಗ ಬಾಯಿಬಿಟ್ಟು ಕಿರುಚಿದ ದ್ರಾವಿಡರನ್ನು ಕಂಡು ನಾವು ನಕ್ಕದ್ದೂ ಆಯಿತು, ಕಣ್ಣು ಒರೆಸಿಕೊಂಡದ್ದೂ ಆಯಿತು. 2007ರಲ್ಲಿ ಇದೇ ವೆಸ್ಟ್ ಇಂಡೀಸಿನಲ್ಲಿ ಬಾಂಗ್ಲಾಕ್ಕೂ ಶ್ರೀಲಂಕಾಕ್ಕೂ ಸೋತು ಮೊದಲ ಸುತ್ತಿನಲ್ಲೇ ಮನೆಗೆ ಬಂದ ತಂಡಕ್ಕೆ ನಾಯಕ ಅವರೇ ಆಗಿದ್ದರು.

ಮರುದಿನ ಬೆಳಿಗ್ಗೆ ಬೆಂಚು ಪೂರ್ತಿ ಬದಲಾಗಿತ್ತು. "ನಮ್ಮ ದ್ರಾವಿಡ್!" ಎಂದರು. ಗುತ್ತಿಗೆ ವಿಸ್ತರಿಸಿದ್ದು ಎಂಥ ಬುದ್ಧಿವಂತಿಕೆ ಎಂದರು. ನಾವು ತಲೆ ಅಲ್ಲಾಡಿಸಿದೆವು, ಆದರೆ ಒಳಗೊಂದು ಕಸಿವಿಸಿ. ಸೂರ್ಯನ ಕಾಲು ಒಂದಂಗುಲ ಆಚೆ ಬಿದ್ದಿದ್ದರೆ ಅದು ಸಿಕ್ಸರ್. ದ್ರಾವಿಡ್ ಎರಡೂವರೆ ವರ್ಷ ಮಾಡಿದ ಕೆಲಸ ಅಷ್ಟೇ ಇರುತ್ತಿತ್ತು, ಒಂದು ಗುಲಗಂಜಿಯಷ್ಟೂ ಕಡಿಮೆಯಾಗುತ್ತಿರಲಿಲ್ಲ. ಬೆಂಚಿನ ತೀರ್ಪು ಮಾತ್ರ ತಿರುಗಾಮುರುಗಾ ಆಗುತ್ತಿತ್ತು.

ಆಮೇಲೆ ತಂಡದ ಕೋಣೆಯಲ್ಲಿ ದ್ರಾವಿಡ್ ಮಾಡಿದ ಬೀಳ್ಕೊಡುಗೆಯ ಮಾತಿನ ವಿಡಿಯೋ ಬಂತು. ಅದರಲ್ಲಿ ಅವರು ರೋಹಿತ್ ಕಡೆ ತಿರುಗಿ, ನವೆಂಬರಿನಲ್ಲಿ ಫೋನ್ ಮಾಡಿ ಮುಂದುವರಿಯಿರಿ ಎಂದು ಕೇಳಿದ್ದಕ್ಕೆ ಧನ್ಯವಾದ ಹೇಳಿದರು. ನಾವು ಆ ತುಣುಕನ್ನು ಎರಡು ಮೂರು ಸಲ ಹಾಕಿ ನೋಡಿದೆವು. ಹತ್ತು ದಿನ ಬೆಂಚಿನಲ್ಲಿ ನಾವು ಸರಾಸರಿ, ರ‍್ಯಾಂಕಿಂಗು, ಸೋಲು ಗೆಲುವಿನ ಪಟ್ಟಿ ಹಿಡಿದು ಜಗಳವಾಡುತ್ತಿದ್ದಾಗ, ವಿಷಯ ಇತ್ಯರ್ಥವಾದದ್ದು ಒಂದು ಫೋನಿನಲ್ಲಿ! ಬಿಟ್ಟುಹೋಗಲು ಹೊರಟವರನ್ನು ನಾಯಕ ಕರೆದ. ಏಳು ವರ್ಷದ ಹಿಂದೆ, ಉಳಿಯಲು ಸಿದ್ಧವಿದ್ದವರನ್ನು ಇನ್ನೊಬ್ಬ ನಾಯಕ ಬೇಡ ಎಂದ. ಕುಂಬ್ಳೆಗೂ ದ್ರಾವಿಡರಿಗೂ ನಡುವಿನ ವ್ಯತ್ಯಾಸ ಅಂಕಪಟ್ಟಿಯಲ್ಲಿ ಇರಲೇ ಇಲ್ಲ.

ಇದು ಭಾರತ ತಂಡದ ಮಾತಾಯಿತು. ನಮ್ಮ ರಾಜ್ಯದ ತಂಡದಲ್ಲೇ ಅದೇ 2024ರಲ್ಲಿ ಇನ್ನೊಂದು ನಡೆಯಿತು. ಏಳು ವರ್ಷದ ಮೇಲೆ ತಮಿಳುನಾಡು ರಣಜಿ ಸೆಮಿಫೈನಲ್ ತಲುಪಿತ್ತು. ಮಾರ್ಚಿನಲ್ಲಿ ಮುಂಬೈ ವಿರುದ್ಧ ನಾಯಕ ಸಾಯಿ ಕಿಶೋರ್ ಟಾಸ್ ಗೆದ್ದು ಬ್ಯಾಟಿಂಗ್ ಆರಿಸಿಕೊಂಡರು, ತಂಡ 146ಕ್ಕೆ ಮುಗಿಯಿತು, ಇನಿಂಗ್ಸ್ ಮತ್ತು 70 ರನ್‌ಗಳ ಸೋಲು. ಕೋಚ್ ಸುಲಕ್ಷಣ್ ಕುಲಕರ್ಣಿ ಪತ್ರಕರ್ತರ ಮುಂದೆ, ಮೊದಲ ದಿನ ಬೆಳಿಗ್ಗೆಯೇ ಪಂದ್ಯ ಕೈತಪ್ಪಿತು, ತಮ್ಮ ಲೆಕ್ಕ ಬೇರೆ ಇತ್ತು ಎಂಬರ್ಥದ ಮಾತಾಡಿದರು. ನಾಯಕನನ್ನು ಹೀಗೆ ಬಿಟ್ಟುಕೊಡುವುದೇ ಎಂದು ದಿನೇಶ್ ಕಾರ್ತಿಕ್ ಬಹಿರಂಗವಾಗಿಯೇ ಖಂಡಿಸಿದರು. ಮುಂದಿನ ಋತುವಿಗೆ ಕೋಚ್ ಬದಲಾದರು, ಎಲ್. ಬಾಲಾಜಿ ಬಂದರು. ನಾಯಕರಾಗಿ ಸಾಯಿ ಕಿಶೋರ್ ಉಳಿದರು. ಕಾರಣ ಆ ಮಾತೇ ಎಂದು ನಾವು ಹೇಳುವುದಿಲ್ಲ. ಕುಲಕರ್ಣಿಯವರು ಹೇಳಿದ್ದರಲ್ಲಿ ತಿರುಳಿತ್ತು, ಹೇಳಿದ ಜಾಗ ಸರಿಯಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಮಗು ತಪ್ಪು ಬರೆದರೆ ತಿದ್ದುವುದು ನೋಟ್ ಪುಸ್ತಕದಲ್ಲಿ, ಪ್ರಾರ್ಥನೆಗೆ ನಿಂತ ಸಾಲಿನ ಮುಂದೆ ಅಲ್ಲ. ಇದೇ ಸಾಯಿ ಕಿಶೋರ್ 2025ರ ಜುಲೈನಲ್ಲಿ ತಿರುಪ್ಪೂರ್ ತಮಿಳನ್ಸ್ ತಂಡಕ್ಕೆ ಮೊದಲ ಬಾರಿ ಟಿಎನ್‌ಪಿಎಲ್ ಕಪ್ ಗೆದ್ದುಕೊಟ್ಟರು, ಫೈನಲಿನಲ್ಲಿ ದಿಂಡಿಗಲ್ ಮೇಲೆ 118 ರನ್ ಅಂತರದಿಂದ. ಆ ವಾರ ಬೆಂಚಿನಲ್ಲಿ ಕುಲಕರ್ಣಿಯವರ ಪರ ಮಾತಾಡಲು ನಮಗೆ ಧೈರ್ಯ ಸಾಲಲಿಲ್ಲ.

ನಾಯಕನ ಬೆಂಬಲವಿದ್ದರೆ ಎಲ್ಲವೂ ಆಗುತ್ತದೆ ಎಂದೂ ಅಲ್ಲ. 2005ರಲ್ಲಿ ಗ್ರೆಗ್ ಚಾಪೆಲ್ ಬರಲಿ ಎಂದು ಬಯಸಿದವರು ನಾಯಕ ಗಂಗೂಲಿ. ಕೆಲವೇ ತಿಂಗಳಿಗೆ ಅವರೇ ನಾಯಕತ್ವ ಕಳೆದುಕೊಂಡರು. ಆಮೇಲೆ ಬಂದ ನಾಯಕ ದ್ರಾವಿಡ್ ಚಾಪೆಲ್ ಜೊತೆ ಹೊಂದಿಕೊಂಡರು, ತಂಡ ಬೆನ್ನಟ್ಟಿದ ಸತತ 17 ಏಕದಿನ ಪಂದ್ಯ ಗೆದ್ದ ದಾಖಲೆಯೂ ಆಗಿನದೇ. ಆದರೂ ಹಿರಿಯ ಆಟಗಾರರ ಮನಸ್ಸು ಮುರಿದಿತ್ತು. 2007ರ ವಿಶ್ವಕಪ್ ಸೋಲಿನ ಬಳಿಕ ಏಪ್ರಿಲಿನಲ್ಲಿ ಚಾಪೆಲ್ ತಮಗೆ ವಿಸ್ತರಣೆ ಬೇಡ ಎಂದು ಹೊರಟರು. ಗ್ಯಾರಿ ಕರ್ಸ್ಟನ್ ಇನ್ನೊಂದು ಬಗೆ: 2011ರಲ್ಲಿ ವಿಶ್ವಕಪ್ ಗೆಲ್ಲಿಸಿಕೊಟ್ಟು, ಎಲ್ಲರೂ ಇರಿ ಇರಿ ಅನ್ನುವಾಗ, ಹೆಂಡತಿ ಮಕ್ಕಳ ಜೊತೆ ಇರಬೇಕು ಎಂದು ಹೋಗಿಬಿಟ್ಟರು. ದ್ರಾವಿಡರ ನಂತರ ಬಂದ ಗೌತಮ್ ಗಂಭೀರ್ ಕಾಲದಲ್ಲಿ 2024ರಲ್ಲಿ ನ್ಯೂಜಿಲೆಂಡಿಗೆ ಸ್ವದೇಶದಲ್ಲೇ 0-3, 2025ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾಕ್ಕೆ 0-2 ಸೋತೆವು. ಈ ಎರಡರ ನಡುವೆ ಚಾಂಪಿಯನ್ಸ್ ಟ್ರೋಫಿಯನ್ನೂ ಏಷ್ಯಾ ಕಪ್ಪನ್ನೂ ಗೆದ್ದೆವು. ಬೆಂಚು ವಾರಕ್ಕೊಮ್ಮೆ ಅವರನ್ನು ತೆಗೆದು ಮತ್ತೆ ನೇಮಿಸಿತು.

ಐಪಿಎಲ್‌ನಲ್ಲೂ ನಮ್ಮ ಇಬ್ಬರಿಗೂ ಇದೇ ಅನುಭವ. ಕುಂಬ್ಳೆ ಪಂಜಾಬಿಗೆ ಮೂರು ವರ್ಷ ಕೋಚ್ ಆಗಿದ್ದರು, ಮೂರೂ ವರ್ಷ ಆರನೇ ಸ್ಥಾನ, 2022ರಲ್ಲಿ ಗುತ್ತಿಗೆ ನವೀಕರಿಸಲಿಲ್ಲ. ದ್ರಾವಿಡ್ 2025ರಲ್ಲಿ ರಾಜಸ್ಥಾನದ ಜೊತೆಗಿದ್ದರು. ಕಾಲು ಪೆಟ್ಟಾಗಿ ಊರುಗೋಲು ಹಿಡಿದು ಮೈದಾನಕ್ಕೆ ಬಂದದ್ದನ್ನು ನೀವೂ ನೋಡಿರುತ್ತೀರಿ. ತಂಡ 14ರಲ್ಲಿ ನಾಲ್ಕು ಗೆದ್ದು ಒಂಬತ್ತನೆಯದಾಯಿತು. ಆಗಸ್ಟ್ 30ರಂದು ಅವರು ತಂಡ ಬಿಟ್ಟ ಸುದ್ದಿ ಬಂತು. ಇನ್ನೂ ದೊಡ್ಡ ಹುದ್ದೆ ಕೊಡುತ್ತೇವೆ ಎಂದಿದ್ದೆವು, ಅವರು ಒಪ್ಪಲಿಲ್ಲ ಎಂದು ತಂಡದವರು ಹೇಳಿದರು.

ಆ ಸುದ್ದಿ ಬಂದ ಮರುದಿನ ನಾವು ಬೇಕರಿಗೆ ಹೋದಾಗ ಮಗ್ಗದ ಮನೆಯ ಹಿರಿಯರು ಮೊದಲೇ ಬಂದು ಕೂತಿದ್ದರು. ಬೆಂಚಿನ ಆ ತುದಿಯಲ್ಲಿ ಇಬ್ಬರು ಹುಡುಗರು ಫೋನಿನಲ್ಲಿ ಅಂಕಪಟ್ಟಿ ತೆಗೆದು, ನಾಲ್ಕು ಗೆಲುವು, ಹತ್ತು ಸೋಲು, ಹೋದದ್ದೇ ಸರಿ ಎಂದು ತಮಿಳಿನಲ್ಲಿ ವಾದಿಸುತ್ತಿದ್ದರು. ಹಿರಿಯರು ನಮಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟು, ದನಿ ತಗ್ಗಿಸಿ ಕನ್ನಡದಲ್ಲಿ ಕೇಳಿದರು:

"ಕ್ಯಾಪ್ಟನ್ ಏನಂದ್ನಂತೆ ಮೇಷ್ಟ್ರೇ?"